ಪಿಕಪ್ ಕ್ಯಾಬಿನ್ನಿನಲ್ಲಿ ಒಂದು ಗೇಣು ಜಾಗ



ಪಿಕಪ್ ಗಾಡಿ ಕೊಳ್ಳಲು ಹೋದವರು ಷೋರೂಮಿನಲ್ಲಿ ಮೊದಲು ನೋಡುವುದು ಹಿಂದಿನ ಬಾಡಿಯನ್ನು. ಎಷ್ಟು ಅಡಿ ಉದ್ದ, ಎಷ್ಟು ಅಗಲ, ಎಷ್ಟು ತೂಕ ತಡೆಯುತ್ತೆ, ಪಟ್ಟಿ ಎಷ್ಟು ಎಲೆಯದು? ಕ್ಯಾಬಿನ್ನಿನ ಒಳಗೆ ಕಾಲು ಚಾಚಲು ಜಾಗ ಇದೆಯೇ ಎಂದು ಕೇಳಿದವರನ್ನು ನಾನು ಕಾಣೆ. ಮಾಡುವವರಿಗೂ ಇದು ಗೊತ್ತು. ಗಾಡಿಯ ಒಟ್ಟು ಉದ್ದ ಇಷ್ಟೇ ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಅದರಲ್ಲಿ ಕ್ಯಾಬಿನ್ನಿಗೆ ಒಂದು ಇಂಚು ಹೆಚ್ಚು ಕೊಟ್ಟರೆ ಸರಕಿಗೆ ಒಂದು ಇಂಚು ಕಡಿಮೆಯಾಯಿತು. ಬಾಡಿಗೆ ಕೊಡುವುದು ಸರಕು, ಡ್ರೈವರಿನ ಮಂಡಿಯಲ್ಲ. ಹಾಗಾಗಿ ಸೀಟಿನ ಬೆನ್ನು ಹಿಂದಿನ ತಗಡಿಗೆ ಒರಗಿಕೊಂಡಿರುತ್ತದೆ, ಮುಂದೆ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದೆ, ಗೇರ್ ಹಾಕುವಾಗ ಪಕ್ಕದಲ್ಲಿ ಕೂತವನು ತೊಡೆ ಸರಿಸಿಕೊಳ್ಳಬೇಕಾಗುತ್ತದೆ.

ಆ ಗೂಡಿನೊಳಗೆ ಏನೇನಿರುತ್ತದೆ ಎಂದು ಒಮ್ಮೆ ನೋಡಿ. ಕೋಲಾರದ ಎಪಿಎಂಸಿಯಿಂದ 15 ಕಿಲೋ ಟೊಮೇಟೊ ಬಾಕ್ಸುಗಳನ್ನು ಹೇರಿಕೊಂಡು ರಾತ್ರಿ ಹೊರಡುವ ಗಾಡಿಯನ್ನೇ ತೆಗೆದುಕೊಳ್ಳೋಣ. ಜಾಕು, ವೀಲ್ ಸ್ಪ್ಯಾನರು, ಅರ್ಧ ಒದ್ದೆಯಾದ ಟಾರ್ಪಾಲು, ಎರಡು ಸುತ್ತು ಹಗ್ಗ, ನೀರಿನ ಬಾಟಲಿ, ಊಟದ ಡಬ್ಬಿ, ಒಂದು ಹೊದಿಕೆ, ಆರ್.ಸಿ., ಎಫ್.ಸಿ., ಇನ್ಶೂರೆನ್ಸು ತುಂಬಿದ ಪ್ಲಾಸ್ಟಿಕ್ ಫೈಲು, ದೇವರ ಪಟ, ಪಟದ ಹಿಂದೆ ಊದುಬತ್ತಿ ಪೊಟ್ಟಣ. ಇಬ್ಬರು ಮನುಷ್ಯರು, ಕೆಲವೊಮ್ಮೆ ರೈತನೂ ಸೇರಿ ಮೂವರು. ಇಷ್ಟರ ನಡುವೆ ಡ್ರೈವರಿಗೆ ಹಾಡು ಬೇಕು. ರಾತ್ರಿ ಎರಡರ ಹೊತ್ತಿಗೆ ಕಣ್ಣು ಎಳೆಯದಂತೆ ಕಾಯುವುದು ಚಹಾ ಮತ್ತು ಹಾಡು, ಎರಡೇ. ಡೀಸೆಲ್ ಇಂಜಿನ್ನಿನ ಗುಡುಗಿನಲ್ಲಿ ಕಂಪನಿಯವರು ಕೊಟ್ಟ ಪುಟ್ಟ ಸ್ಪೀಕರಿನ ಹಾಡು ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಆಗ ಯಾರೋ ಹೇಳುತ್ತಾರೆ: ‘ಒಂದು ಆಂಪ್ಲಿಫೈಯರ್ ಹಾಕಿಸ್ಬಿಡು ಗುರು.’

ಅಲ್ಲಿಂದ ಶುರುವಾಗುತ್ತದೆ ಜಾಗದ ಪ್ರಶ್ನೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ, ಅಥವಾ ಯಾವುದೇ ಜಿಲ್ಲಾ ಕೇಂದ್ರದ ಬಸ್‌ಸ್ಟ್ಯಾಂಡ್ ಹಿಂದಿನ ಅಂಗಡಿಯ ಮುಂದೆ ನಿಂತರೆ ಈ ಮಾತುಕತೆ ಕೇಳಬಹುದು.

‘ಅಣ್ಣಾ, ಸೀಟ್ ಕೆಳಗೆ ಕೂರಿಸ್ಬಿಡ್ಲಾ?’

‘ಜಾಕ್ ಎಲ್ಲಿಡ್ಲಪ್ಪ ಮತ್ತೆ?’

‘ಹಿಂದೆ ಬಾಡೀಲಿ ಇಡಣ್ಣ.’

‘ಬೆಳಗ್ಗೆ ಹೊತ್ತಿಗೆ ಇರ್ತದಾ ಅದು?’

ನಾನು ಬಹುಕಾಲ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಟ್ಟವನು. ನನ್ನ ಹುಡುಗರಲ್ಲಿ ಕೆಲವರು ಈಗ ಇಂಥ ಅಂಗಡಿ ಇಟ್ಟಿದ್ದಾರೆ. ಅಲ್ಲಿ ಸ್ಟೂಲಿನ ಮೇಲೆ ಕೂತು ನೋಡಿ ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಎಲ್ಲರೂ ಆಂಪ್ಲಿಫೈಯರ್ ಕೊಂಡ ಮೇಲೆ ಜಾಗ ಹುಡುಕುತ್ತಾರೆ. ಪಿಕಪ್ಪಿನಲ್ಲಿ ಕ್ರಮ ತಿರುಗಾಮುರುಗಾ ಆಗಬೇಕು. ಜಾಗ ಮೊದಲು, ಪೆಟ್ಟಿಗೆ ಆಮೇಲೆ. ಏಕೆ ಎನ್ನುವುದಕ್ಕೆ ಬರೀ ಇಕ್ಕಟ್ಟು ಕಾರಣವಲ್ಲ. ಅದರಲ್ಲಿ ಸ್ವಲ್ಪ ಭೌತಶಾಸ್ತ್ರವೂ ಇದೆ, ಆಮೇಲೆ ಬರುತ್ತೇನೆ.

ಗಾಡಿಯೊಳಗೆ ಸಂಗೀತಕ್ಕೆ ಜಾಗವಿಲ್ಲ ಎನ್ನುವುದು ಹೊಸ ದೂರಲ್ಲ. 1930ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಪಾಲ್ ಗ್ಯಾಲ್ವಿನ್ ಎಂಬವರು ಕಾರಿನ ರೇಡಿಯೊ ಮಾಡಿ ಮಾರುಕಟ್ಟೆಗೆ ಬಿಟ್ಟರು. ಅದಕ್ಕೆ ಇಟ್ಟ ಹೆಸರು ಮೋಟರೋಲಾ. ಮುಂದೆ ಅದೇ ಕಂಪನಿಯ ಹೆಸರೂ ಆಯಿತು. ಆ ಕಾಲದ ರೇಡಿಯೊ ಎಂದರೆ ಗಾಜಿನ ವಾಲ್ವುಗಳದು. ವಾಲ್ವುಗಳಿಗೆ ಹೆಚ್ಚು ವೋಲ್ಟ್ ಬೇಕು, ಕಾರಿನ ಬ್ಯಾಟರಿ ಕೊಡುತ್ತಿದ್ದುದು ಬರೀ 6. ಹಾಗಾಗಿ ರೇಡಿಯೊಗೇ ಬೇರೆ ಬ್ಯಾಟರಿಗಳು, ಅವನ್ನಿಡಲು ಕಾರಿನ ನೆಲದ ಹಲಗೆ ಕೊರೆದು ಒಂದು ಪೆಟ್ಟಿಗೆ. ರಿಸೀವರು ಡ್ಯಾಶ್‌ಬೋರ್ಡಿನ ಹಿಂದೆ, ಸ್ಪೀಕರು ಇನ್ನೆಲ್ಲೋ, ಏರಿಯಲ್ ತಂತಿ ಚಾವಣಿಯ ಬಟ್ಟೆಯೊಳಗೆ. ಒಂದು ಕಾರಿಗೆ ರೇಡಿಯೊ ಕೂರಿಸಲು ಇಬ್ಬರು ಆಳು ದಿನಗಟ್ಟಲೆ ಕೂರಬೇಕಿತ್ತು. 1932ರಲ್ಲಿ ಜರ್ಮನಿಯ ಬ್ಲಾಪುಂಕ್ಟ್ ಕಂಪನಿಯವರು ಮಾಡಿದ ಕಾರ್ ರೇಡಿಯೊ ಎಷ್ಟು ದೊಡ್ಡದಿತ್ತೆಂದರೆ ಡ್ರೈವರಿನ ಕೈಗೆ ಸಿಗುವ ಕಡೆ ಅದನ್ನು ಇಡಲಾಗಲಿಲ್ಲ. ಸ್ಟೀರಿಂಗಿನ ಬಳಿ ಒಂದು ಸಣ್ಣ ಗುಂಡಿ ಇಟ್ಟು ಅಲ್ಲಿಂದಲೇ ತಿರುಗಿಸುವ ವ್ಯವಸ್ಥೆ ಮಾಡಿದರು. ನಮ್ಮ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಪ್ರಸಾರ ಶುರುಮಾಡಿದ್ದು 1935ರಲ್ಲಿ. ಅಂದರೆ ಮೈಸೂರಿನ ಗಾಳಿಯಲ್ಲಿ ಕನ್ನಡದ ಮಾತು ತೇಲುವ ಮೊದಲೇ ಅತ್ತ ಮೆಕ್ಯಾನಿಕ್ಕುಗಳು ಕಾರಿನ ಸೀಟೆತ್ತಿ ‘ಇದನ್ನೆಲ್ಲಿ ತುರುಕುವುದು’ ಎಂದು ತಲೆ ಕೆರೆದುಕೊಂಡಿದ್ದರು.

ಸರಿ, ಡ್ಯಾಶ್‌ಬೋರ್ಡಿನಲ್ಲೇ ಸ್ಟೀರಿಯೊ ಇದೆಯಲ್ಲ, ಅದರ ಡಬ್ಬಿಯ ಮೇಲೆ ‘50 ವಾಟ್, 4 ಸ್ಪೀಕರ್’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆಯಲ್ಲ, ಬೇರೆ ಆಂಪ್ಲಿಫೈಯರ್ ಯಾಕೆ? ಇದಕ್ಕೆ ಒಂದು ಸಣ್ಣ ಲೆಕ್ಕವಿದೆ. ಇಂಜಿನ್ ಓಡುತ್ತಿರುವಾಗ ಗಾಡಿಯ ತಂತಿಯಲ್ಲಿ ಇರುವುದು ಸುಮಾರು 14 ವೋಲ್ಟ್. ಸ್ಟೀರಿಯೊ ಒಳಗಿನ ಚಿಪ್ಪು ಆ 14ನ್ನು ಸ್ಪೀಕರಿನ ಎರಡು ತುದಿಗಳ ನಡುವೆ ಅತ್ತಿತ್ತ ಆಡಿಸಬಲ್ಲದೇ ಹೊರತು ಅದಕ್ಕಿಂತ ಮೇಲೇರಿಸಲಾರದು. ಅಲೆಯ ತುದಿ 14 ಎಂದರೆ ಕೆಲಸಕ್ಕೆ ಬರುವ ಬೆಲೆ 10ರ ಆಸುಪಾಸು. ಸ್ಪೀಕರಿನ ತಡೆ 4 ಓಮ್. ಹತ್ತನ್ನು ಹತ್ತರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ 25 ವಾಟ್. ಚಿಪ್ಪು ತಾನು ನುಂಗುವುದನ್ನು ಕಳೆದರೆ ಉಳಿಯುವುದು 18ರಿಂದ 20. ಡಬ್ಬಿಯ ಮೇಲಿನ 50 ಎನ್ನುವುದು ಶಬ್ದ ಪೂರ್ತಿ ಒಡೆದುಹೋದಾಗಿನ ಲೆಕ್ಕ. ಬೇರೆ ಆಂಪ್ಲಿಫೈಯರ್ ಪೆಟ್ಟಿಗೆಯೊಳಗೆ ಈ ಬ್ಯಾಟರಿ ವೋಲ್ಟನ್ನು ಏರಿಸುವ ಇನ್ನೊಂದು ಸರ್ಕ್ಯೂಟ್ ಇರುತ್ತದೆ. ಅದಕ್ಕೇ ಅದು ಪೆಟ್ಟಿಗೆಯಷ್ಟು ದೊಡ್ಡದು, ಅದಕ್ಕೇ ಅದು ಬಿಸಿಯಾಗುತ್ತದೆ. ಅಂದ ಹಾಗೆ, ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ಪಿಕಪ್ಪಿನಿಂದ ಬಿಚ್ಚಿದ 12 ವೋಲ್ಟಿನ ಪೆಟ್ಟಿಗೆಯನ್ನು ಅಣ್ಣನ ಲಾರಿಗೆ ನೇರವಾಗಿ ಸಿಕ್ಕಿಸುವ ಉದಾರತೆ ಬೇಡ.

ಬಿಸಿ ಎಂದೆ. ಜಾಗದ ಮಾತೆಲ್ಲ ನಿಂತಿರುವುದು ಇದರ ಮೇಲೆಯೇ. ಹಳೆಯ ಬಗೆಯ ಆಂಪ್ಲಿಫೈಯರು, ‘ಕ್ಲಾಸ್ ಎಬಿ’ ಎನ್ನುತ್ತಾರೆ, ಬ್ಯಾಟರಿಯಿಂದ 100 ವಾಟ್ ಎಳೆದರೆ ಚೆನ್ನಾಗಿ ಕೆಲಸ ಮಾಡುವಾಗಲೂ ಸ್ಪೀಕರಿಗೆ ಕೊಡುವುದು 50ರಿಂದ 60. ಮಿಕ್ಕಿದ್ದೆಲ್ಲ ಶಾಖ. ಅದರ ಮೈಮೇಲೆ ಅಲ್ಯೂಮಿನಿಯಮ್ ಏಣುಗಳಿರುವುದು ಚಂದಕ್ಕಲ್ಲ. ಆ ಶಾಖವನ್ನು ಗಾಳಿಗೆ ಬಿಡುವುದಕ್ಕೆ. ‘ಕ್ಲಾಸ್ ಡಿ’ ಎಂಬ ಹೊಸ ಬಗೆಯದು 80ರ ಮೇಲೆ ಸ್ಪೀಕರಿಗೆ ಕೊಡುತ್ತದೆ. ಶಾಖ ಕಡಿಮೆಯಾದ್ದರಿಂದ ಪೆಟ್ಟಿಗೆಯೂ ಸಣ್ಣದು. ಹಿಂದೆ ಸೂಟ್‌ಕೇಸಿನಷ್ಟು ಜಾಗ ಕೇಳುತ್ತಿದ್ದ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಈಗ ಒಂದು ಗೇಣು ಉದ್ದ, ಅಂಗೈ ಅಗಲಕ್ಕೆ ಬಂದಿದೆ. ಬೈಕಿಗೂ ದೋಣಿಗೂ ಎಂದು ಮಾಡಿದವು ಇನ್ನೂ ಚಿಕ್ಕವು, ಮೇಲಾಗಿ ನೀರು ಧೂಳು ತಡೆಯುವಂಥವು. ಪಿಕಪ್ಪಿನವರಿಗೆ ಕೊಂಚ ದುಬಾರಿಯಾದರೂ ನಾನು ಹೇಳುವುದು ಇದನ್ನೇ. ಹಳೆಯದರಲ್ಲಿ ದನಿ ಇನ್ನೂ ಮಧುರ ಎಂದು ವಾದಿಸುವವರಿದ್ದಾರೆ. ಡೀಸೆಲ್ ಇಂಜಿನ್ನಿನ ಪಕ್ಕದಲ್ಲಿ ಕೂತು ಆ ವ್ಯತ್ಯಾಸ ಹಿಡಿಯುವ ಕಿವಿ ಇದ್ದವರು ಖಂಡಿತ ಹಳೆಯದನ್ನೇ ಕೊಳ್ಳಲಿ.

ಈಗ ಕ್ಯಾಬಿನ್ನಿನೊಳಗೆ ಬಗ್ಗಿ ನೋಡೋಣ.

ಸೀಟಿನ ಕೆಳಗೆ ಎಂಬುದು ಎಲ್ಲರ ಮೊದಲ ಉತ್ತರ. ಆದರೆ ಯಾವ ಗಾಡಿಯ ಸೀಟು? 2005ರಲ್ಲಿ ಬಂದ ಟಾಟಾ ಏಸ್, ಆಮೇಲೆ ಬಂದ ಮಾರುತಿ ಸೂಪರ್ ಕ್ಯಾರಿ, ಇಂಥ ಮೂತಿಯಿಲ್ಲದ ಗಾಡಿಗಳಲ್ಲಿ ಸೀಟಿನ ಕೆಳಗೆ ಇರುವುದು ಇಂಜಿನ್ನೇ. ಅಲ್ಲಿ ಆಂಪ್ಲಿಫೈಯರ್ ಇಡುವುದು ಜ್ವರ ಬಂದವನಿಗೆ ಕಂಬಳಿ ಹೊದಿಸಿ ಒಲೆಯ ಮುಂದೆ ಕೂರಿಸಿದ ಹಾಗೆ. ಬೊಲೆರೋ ಪಿಕಪ್ಪಿನಂಥ ಬಾನೆಟ್ ಗಾಡಿಗಳಲ್ಲಿ ಇಂಜಿನ್ ಮುಂದಿದೆ, ಸೀಟಿನ ಕೆಳಗೆ ಆ ಕಾಟವಿಲ್ಲ. ಆದರೆ ಅಲ್ಲಿ ಬೇರೆ ಮೂರು ತೊಂದರೆ. ಒಂದು, ಜಾಕು ಪಾನಾಗಳ ಸಂಸಾರ. ಎರಡು, ಸೀಟಿನ ಕೆಳಗಿನ ಸ್ಪ್ರಿಂಗು ಇಬ್ಬರು ಕೂತಾಗ ಎಷ್ಟು ಕೆಳಗಿಳಿಯುತ್ತದೆ ಎಂದು ಯಾರೂ ಅಳೆಯುವುದಿಲ್ಲ. ಖಾಲಿ ಸೀಟಿನಲ್ಲಿ ನಾಲ್ಕು ಬೆರಳು ಅಂತರ ಕಂಡದ್ದು ಗುಂಡಿಗೆ ಬಿದ್ದಾಗ ಸೊನ್ನೆಯಾಗುತ್ತದೆ. ಮೂರನೆಯದು ನೀರು. ನಮ್ಮ ಕಡೆ ಗಾಡಿ ತೊಳೆಯುವುದೆಂದರೆ ಬಾಗಿಲು ತೆಗೆದು ಒಳಗೂ ಪೈಪು ಹಿಡಿಯುವುದು. ಮಲ್ಪೆಯ ಬಂದರಿನಿಂದ ಮೀನು ಸಾಗಿಸುವ ಗಾಡಿಗಳಲ್ಲಂತೂ ಐಸ್ ಕರಗಿದ ಉಪ್ಪುನೀರು ಬೂಟಿನ ಜೊತೆಯಲ್ಲೇ ಒಳಗೆ ಬರುತ್ತದೆ. ಉಪ್ಪು ತಗುಲಿದ ಟರ್ಮಿನಲ್ಲಿನ ಮೇಲೆ ಕೆಲವೇ ತಿಂಗಳಲ್ಲಿ ಹಸಿರು ಪಾಚಿಯಂಥದು ಕೂರುತ್ತದೆ, ಆಮೇಲೆ ಹಾಡು ಬಿಟ್ಟು ಬಿಟ್ಟು ಬರುತ್ತದೆ. ಸೀಟಿನ ಕೆಳಗೇ ಬೇಕೆಂದರೆ ನೆಲಕ್ಕೆ ತಾಗಿಸದೆ ಎರಡು ಬೆರಳು ಎತ್ತರದ ಕಬ್ಬಿಣದ ಪಟ್ಟಿಯ ಮೇಲೆ ಕೂರಿಸಬೇಕು, ಕ್ಲೀನರಿಗೆ ಪೈಪು ಒಳಗೆ ಹಿಡಿಯಬೇಡವೆಂದು ಹೇಳಬೇಕು. ಕೊನೆಯದು ಎಲ್ಲಕ್ಕಿಂತ ಕಷ್ಟ.

ಡ್ಯಾಶ್‌ಬೋರ್ಡಿನ ಹಿಂದೆ ಎಂಬುದು ಎರಡನೆಯ ಉತ್ತರ. ಚಿಕ್ಕ ಕ್ಲಾಸ್ ಡಿ ಪೆಟ್ಟಿಗೆಯಾದರೆ ಗ್ಲೋವ್ ಬಾಕ್ಸಿನ ಹಿಂದುಗಡೆ ಹಿಡಿಯುತ್ತದೆ. ತಂತಿಯ ದೂರ ಕಡಿಮೆ, ಕಳ್ಳರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಮಾತು: ಪೆಡಲ್‌ಗಳ ಮೇಲೆ, ಸ್ಟೀರಿಂಗ್ ದಂಡದ ಹತ್ತಿರ ಯಾವುದನ್ನೂ ಪ್ಲಾಸ್ಟಿಕ್ ಟ್ಯಾಗಿನಲ್ಲಿ ನೇತುಹಾಕಕೂಡದು. ಬಿಸಿಲಿಗೆ ಟ್ಯಾಗ್ ಒಣಗಿ ಕಿತ್ತು, ಆಂಪ್ಲಿಫೈಯರ್ ಬಂದು ಬ್ರೇಕ್ ಪೆಡಲಿನ ಅಡಿ ಕೂತರೆ ಹಾಡು ಕೇಳುವ ಪ್ರಶ್ನೆಯೇ ಇರುವುದಿಲ್ಲ. ಹೊಸ ಗಾಡಿಯಲ್ಲಿ ಹಳದಿ ಬಣ್ಣದ ಕನೆಕ್ಟರು ಕಂಡರೆ ಅದು ಏರ್‌ಬ್ಯಾಗಿನದು, ಅದರ ತಂಟೆಗೆ ಹೋಗಬಾರದು.

ಪಕ್ಕದವನ ಕಾಲ ಬಳಿ, ಬಾಗಿಲ ಮೂಲೆಯಲ್ಲಿ ಒಂದು ಜಾಗ ಕಾಣುತ್ತದೆ. ಕೆಸರು ಬೂಟಿಗೆ ಎದುರಾಗಿ ಇಡಬೇಡಿ, ಅಷ್ಟೆ. ತಲೆಯ ಮೇಲೆ, ಗಾಜಿನ ಮೇಲ್ಭಾಗದಲ್ಲಿ ಲಾರಿಯವರು ಹಲಗೆ ಹೊಡೆದುಕೊಂಡಿರುತ್ತಾರೆ. ಪಿಕಪ್ಪಿನ ತಗ್ಗು ಚಾವಣಿಯಲ್ಲಿ ಅದು ಹಣೆಗೆ ಸರಿಯಾಗಿ ಬರುತ್ತದೆ. ಮೇಲಾಗಿ ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಒಳಗೆ 60 ಡಿಗ್ರಿ ದಾಟುವುದುಂಟು, ಚಾವಣಿಯ ತಗಡು ಅದಕ್ಕಿಂತಲೂ ಬಿಸಿ. ಅಲ್ಲಿ ಆಂಪ್ಲಿಫೈಯರ್ ಶುರುವಾಗುವ ಮೊದಲೇ ಸುಸ್ತಾಗಿರುತ್ತದೆ.

ಇನ್ನು ಉಳಿದದ್ದು ಸೀಟಿನ ಬೆನ್ನಿನ ಹಿಂದೆ. ನನ್ನ ಮಟ್ಟಿಗೆ ಒಂದೇ ಸಾಲು ಸೀಟಿನ ಪಿಕಪ್ಪಿಗೆ ಇದೇ ಸರಿಯಾದ ಜಾಗ. ಸೀಟಿನ ಬೆನ್ನು ಓರೆಯಾಗಿರುವುದರಿಂದ ಅದರ ಮತ್ತು ಹಿಂದಿನ ತಗಡಿನ ನಡುವೆ ಒಂದು ಮುಕ್ಕೋನದ ಸಂದು ಉಳಿಯುತ್ತದೆ. ಎಲ್ಲಿ ಅಗಲ, ಎಲ್ಲಿ ಕಿರಿದು ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಡ್ರೈವರಿನ ಹಿಂದೆ ಬೇಡ, ಅವನು ಸೀಟನ್ನು ಹಿಂದೆ ಮುಂದೆ ಸರಿಸುತ್ತಿರುತ್ತಾನೆ. ಪಕ್ಕದ ಸೀಟಿನ ಹಿಂದೆ ಆಗಬಹುದು. ಅಲ್ಲಿ ನೀರು ಬರುವುದಿಲ್ಲ, ಇಂಜಿನ್ ಶಾಖ ಇಲ್ಲ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಬಹುದು. ನೆಟ್ಟಗೆ ನಿಲ್ಲಿಸುವುದರಲ್ಲಿ ಒಂದು ಲಾಭವಿದೆ. ಬಿಸಿಯಾದ ಗಾಳಿ ಮೇಲಕ್ಕೇರುತ್ತದೆ, ಏಣುಗಳು ಮೇಲಿಂದ ಕೆಳಕ್ಕೆ ಇದ್ದರೆ ಅವುಗಳ ನಡುವೆಯೇ ಹಾದುಹೋಗುತ್ತದೆ, ಫ್ಯಾನಿಲ್ಲದೆಯೇ ತಣ್ಣಗಾಗುತ್ತದೆ. ಏಣು ಕೆಳಮುಖವಾಗಿ, ಮ್ಯಾಟಿನ ಅಡಿ ಮಲಗಿಸಿದ ಆಂಪ್ಲಿಫೈಯರ್ ಅರ್ಧ ಗಂಟೆ ಹಾಡಿ ತಾನೇ ಆಫ್ ಆಗುತ್ತದೆ. ಕೆಟ್ಟುಹೋಯಿತು ಎಂದು ಅಂಗಡಿಗೆ ತಂದರೆ ಅಷ್ಟರಲ್ಲಿ ತಣ್ಣಗಾಗಿ ಸರಿಯಾಗಿಯೇ ಹಾಡುತ್ತದೆ. ಅಂಗಡಿಯವನೂ ಗಿರಾಕಿಯೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆದರೆ ಹಿಂದಿನ ತಗಡಿಗೆ ನೇರವಾಗಿ ಸ್ಕ್ರೂ ಹೊಡೆಯುವುದು ಅಪಾಯ. ಸ್ಕ್ರೂ ತುದಿ ಆಚೆ ಬಂದರೆ ಮಳೆನೀರು ಒಳಗಿಳಿಯುತ್ತದೆ, ತೂತಿನ ಸುತ್ತ ತುಕ್ಕು ಹಿಡಿಯುತ್ತದೆ. ನೆಲಕ್ಕೆ ಹೊಡೆಯುವವರು ಇನ್ನೂ ಯೋಚಿಸಬೇಕು. ಕೆಳಗೆ ಡೀಸೆಲ್ ಪೈಪು, ಬ್ರೇಕಿನ ಎಣ್ಣೆ ಪೈಪು ಹೋಗಿರಬಹುದು. ಡ್ರಿಲ್ ಮುಟ್ಟುವ ಮೊದಲು ಗಾಡಿಯ ಕೆಳಗೆ ಮಲಗಿ ನೋಡದ ಹುಡುಗನ ಕೈಗೆ ಗಾಡಿ ಕೊಡಬೇಡಿ. ಇದಕ್ಕೆ ಹಳೆಯ ಕೈಗಳು ಮಾಡುವ ಉಪಾಯ ಒಂದಿದೆ. 12 ಮಿಲಿಮೀಟರ್ ಪ್ಲೈವುಡ್ಡಿನ ಹಲಗೆ ಕತ್ತರಿಸಿ, ರೆಕ್ಸಿನ್ ಹೊದಿಸಿ, ಸೀಟಿನದೋ ಬೆಲ್ಟಿನದೋ ಬೋಲ್ಟನ್ನು ಮುಟ್ಟದೆ, ಗಾಡಿಯಲ್ಲಿ ಮೊದಲೇ ಇರುವ ಬೇರೆ ಬೋಲ್ಟ್‌ಗಳಿಗೆ ಪಟ್ಟಿ ಕೊಟ್ಟು ಬಿಗಿಯುವುದು. ಆಂಪ್ಲಿಫೈಯರ್ ಆ ಹಲಗೆಗೆ. ಗಾಡಿಗೆ ಒಂದೂ ಹೊಸ ತೂತಿಲ್ಲ. ಅಮೆರಿಕದಲ್ಲಿ ಪಿಕಪ್ ಎಂದರೆ ಮನೆಮಂದಿಯ ಗಾಡಿ, ಅಲ್ಲಿ ಒಂದೊಂದು ಮಾದರಿಯ ಹಿಂಬದಿ ಸೀಟಿನ ಅಳತೆಗೂ ಸಿದ್ಧ ಸ್ಪೀಕರ್ ಪೆಟ್ಟಿಗೆ ಸಿಗುತ್ತದೆ. ನಮ್ಮಲ್ಲಿ ಆ ಕೆಲಸ ಬಡಗಿಯದು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸಿನಂಥ ಎರಡು ಸಾಲಿನ ಗಾಡಿಯವರಿಗೆ ಈ ಕಷ್ಟ ಅಷ್ಟಿಲ್ಲ, ಹಿಂದಿನ ಸೀಟೆತ್ತಿದರೆ ಕೆಳಗೆ ಜಾಗ ಕಾಣುತ್ತದೆ. ಆ ಬೆಲೆಯ ಗಾಡಿಯಲ್ಲಿ ಟೊಮೇಟೊ ಹೇರುವವರೂ ಕಡಿಮೆ.

ತಂತಿಯ ಮಾತು ಬಿಟ್ಟರೆ ಜಾಗದ ಮಾತು ಪೂರ್ತಿಯಾಗದು, ಏಕೆಂದರೆ ಬ್ಯಾಟರಿಗೂ ಆಂಪ್ಲಿಫೈಯರಿಗೂ ನಡುವಿನ ದೂರವೂ ಜಾಗದ್ದೇ ಲೆಕ್ಕ. 500 ವಾಟಿನ ಕ್ಲಾಸ್ ಡಿ ಪೆಟ್ಟಿಗೆ ಪೂರ್ತಿ ದುಡಿದರೆ 45 ಆಂಪಿಯರ್ ಎಳೆಯುತ್ತದೆ. ಅಷ್ಟೇ ಶಕ್ತಿಯ ಕ್ಲಾಸ್ ಎಬಿ ಆದರೆ 70ರ ಮೇಲೆ. ಹಾಡಿನ ಸರಾಸರಿ ಇದರ ಒಂದು ಪಾಲು ಮಾತ್ರ ನಿಜ, ಆದರೆ ತಂತಿಯನ್ನು ಆರಿಸುವುದು ಸರಾಸರಿಗಲ್ಲ. ಮನೆಗೆ ಹಾಕಿ ಮಿಕ್ಕ 2.5 ಚದರ ಮಿಲಿಮೀಟರ್ ತಂತಿಯನ್ನೇ ತಂದು ‘ಇದನ್ನೇ ಎಳಿಯಪ್ಪ’ ಎನ್ನುವವರುಂಟು. ಮೂರು ಮೀಟರ್ ಉದ್ದದ ಆ ತಂತಿಯಲ್ಲಿ 40 ಆಂಪಿಯರ್ ಹರಿದರೆ ದಾರಿಯಲ್ಲೇ ಮುಕ್ಕಾಲು ವೋಲ್ಟಿಗೂ ಹೆಚ್ಚು ಬಿದ್ದುಹೋಗುತ್ತದೆ, 30 ವಾಟಿಗೂ ಹೆಚ್ಚು ಶಾಖ ತಂತಿಯಲ್ಲೇ ಹುಟ್ಟುತ್ತದೆ, ಅದೂ ಸೀಟಿನ ರೆಕ್ಸಿನ್ ಪಕ್ಕದಲ್ಲಿ. 8 ಗೇಜಿನ ತಾಮ್ರದ ತಂತಿ, ಅಂದರೆ ಎಂಟು ಚದರ ಮಿಲಿಮೀಟರಿಗೆ ಸ್ವಲ್ಪ ಮೇಲೆ, ಹಾಕಿದರೆ ನಷ್ಟ ಕಾಲು ವೋಲ್ಟಿಗೆ ಇಳಿಯುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕಿಟ್ಟುಗಳಲ್ಲಿ ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಮ್ ಇರುವ ತಂತಿ ಬರುವುದುಂಟು. ಚಾಕುವಿನಲ್ಲಿ ಒಂದು ಎಳೆ ಕೆರೆದು ನೋಡಿ, ಬೆಳ್ಳಗೆ ಕಂಡರೆ ಒಂದು ಅಳತೆ ದಪ್ಪದ್ದು ಕೊಳ್ಳಿ.

ಫ್ಯೂಸು ಬ್ಯಾಟರಿಯಿಂದ ಒಂದೂವರೆ ಅಡಿಯ ಒಳಗಿರಬೇಕು. ಅದು ಆಂಪ್ಲಿಫೈಯರನ್ನು ಕಾಯಲು ಇರುವುದಲ್ಲ, ತಂತಿಯನ್ನು ಕಾಯಲು. ಎಲ್ಲೋ ತಗಡಿನ ಅಂಚು ತಂತಿಯ ಮೈ ಕೊರೆದು ಬಾಡಿಗೆ ತಾಗಿತು ಎಂದುಕೊಳ್ಳಿ. ಫ್ಯೂಸು ಸೀಟಿನ ಹಿಂದಿದ್ದರೆ ಅಲ್ಲಿಯವರೆಗಿನ ತಂತಿಯೆಲ್ಲ ಕೆಂಪಗೆ ಕಾಯುತ್ತದೆ. ಬಾನೆಟ್ಟಿನಿಂದ ಕ್ಯಾಬಿನ್ನಿಗೆ ತಂತಿ ನುಗ್ಗುವ ಕಡೆ ರಬ್ಬರ್ ಬುಷ್ ಕಡ್ಡಾಯ. ಅರ್ತ್ ತಂತಿ ಚಿಕ್ಕದಿರಲಿ, ಬಣ್ಣ ಕೆರೆದು ಬರಿ ಕಬ್ಬಿಣಕ್ಕೆ ಬಿಗಿಯಲಿ. ಬಣ್ಣದ ಮೇಲೆ ಬಿಗಿದ ಅರ್ತಿನಿಂದಲೇ ಅರ್ಧ ದೂರುಗಳು ಹುಟ್ಟುವುದು. ಆಕ್ಸಿಲರೇಟರ್ ತುಳಿದಂತೆಲ್ಲ ಸ್ಪೀಕರಿನಲ್ಲಿ ಕುಂಯ್ ಎಂದು ಏರುವ ಸದ್ದು ಆಲ್ಟರ್ನೇಟರಿನದು. ಅದಕ್ಕೆ ಬ್ಯಾಟರಿ ತಂತಿ ಒಂದು ಬದಿ, ಸ್ಟೀರಿಯೊದಿಂದ ಬರುವ ಸಿಗ್ನಲ್ ತಂತಿ ಇನ್ನೊಂದು ಬದಿ ಎಳೆಯುವುದು ರೂಢಿ. ರಿಮೋಟ್ ತಂತಿ ಎಂಬ ತೆಳ್ಳನೆಯದೊಂದಿದೆ, ಸ್ಟೀರಿಯೊ ಆಫ್ ಆದಾಗ ಆಂಪ್ಲಿಫೈಯರನ್ನೂ ಮಲಗಿಸುವುದು ಅದರ ಕೆಲಸ. ಅದನ್ನು ನೇರ ಬ್ಯಾಟರಿಗೆ ಕೊಟ್ಟರೆ ಪೆಟ್ಟಿಗೆ ರಾತ್ರಿಯಿಡೀ ಎಚ್ಚರವಿದ್ದು, ಬೆಳಗಿನ ಜಾವ ಮಾಲು ಹೇರಿದ ಗಾಡಿಯನ್ನು ನಾಲ್ಕು ಜನ ತಳ್ಳಬೇಕಾಗುತ್ತದೆ. ಕಂಪನಿಯ ತಂತಿಯನ್ನು ಕತ್ತರಿಸದೆ ಸಾಕೆಟ್ಟಿಗೆ ಸಾಕೆಟ್ ಸೇರಿಸಿದರೆ ವಾರಂಟಿಯ ತಕರಾರೂ ಕಡಿಮೆ.

ಈಗ ಆ ಭೌತಶಾಸ್ತ್ರ. ನಮ್ಮ ಹುಡುಗರು 1000 ವಾಟ್, 2000 ವಾಟ್ ಎಂದು ಕೇಳಿಕೊಂಡು ಬರುತ್ತಾರೆ. ಪಿಕಪ್ಪಿನ ಕ್ಯಾಬಿನ್ನಿಗೆ ಅದು ಬೇಕಾಗಿಯೇ ಇಲ್ಲ. ಡೊಳ್ಳಿನ ತಳದ ಗುಮ್ಮನೆಯ ದನಿ, 40 ಹರ್ಟ್ಸ್ ಎಂದಿಟ್ಟುಕೊಳ್ಳಿ, ಅದರ ಒಂದು ಅಲೆಯ ಉದ್ದ ಎಂಟೂವರೆ ಮೀಟರ್. ಕ್ಯಾಬಿನ್ನು ಅದರ ಕಾಲು ಭಾಗವೂ ಇಲ್ಲ. ಅಷ್ಟು ಚಿಕ್ಕ ಗೂಡಿನಲ್ಲಿ ಸ್ಪೀಕರಿನ ಪೊರೆ ಅಲೆಯನ್ನು ದೂರ ಕಳಿಸುವುದಿಲ್ಲ, ಒಳಗಿನ ಗಾಳಿಯನ್ನೇ ಒಟ್ಟಾಗಿ ಒತ್ತಿ ಬಿಡುತ್ತದೆ. ಹೀಗಾಗಿ ಗೂಡು ಚಿಕ್ಕದಾದಷ್ಟೂ ತಳದ ದನಿ ತಾನೇ ಹೆಚ್ಚುತ್ತದೆ. ದೊಡ್ಡ ಹಾಲಿನಲ್ಲಿ ನೂರಾರು ವಾಟ್ ಕೇಳುವ ಗುಮ್ಮು ಇಲ್ಲಿ ಕೆಲವೇ ಹತ್ತು ವಾಟಿಗೆ ಎದೆಗೆ ತಾಗುತ್ತದೆ. ಜಾಗ ಕೊಡದ ಕ್ಯಾಬಿನ್ನೇ ದೊಡ್ಡ ಪೆಟ್ಟಿಗೆಯ ಅಗತ್ಯವನ್ನೂ ತೆಗೆದುಹಾಕಿದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಅವರಿಗೆ ದೊಡ್ಡದು ಮಾರಿದರೆ ಲಾಭ. ಗಾಜು ಇಳಿಸಿದರೆ ಚಿಕ್ಕ ಗೂಡಿನ ಈ ಅನುಕೂಲ ಬಹಳಷ್ಟು ಸೋರಿಹೋಗುತ್ತದೆ ಎಂಬುದು ನಿಜ. 3.5 ಟನ್ ಮೀರಿದ ಹೊಸ ಲಾರಿಗಳ ಕ್ಯಾಬಿನ್ನಿಗೆ 2025ರಿಂದ ಎಸಿ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕ ಪಿಕಪ್ಪುಗಳು ಆ ಲೆಕ್ಕಕ್ಕೆ ಬರಲಿಲ್ಲ. ಎಸಿಯಿಲ್ಲದ ಗಾಡಿಯಲ್ಲಿ ಬೇಸಿಗೆಯಲ್ಲಿ ಗಾಜು ಏರಿಸಿಕೊಂಡು ಹಾಡು ಕೇಳಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ವಾಟ್ ಹೆಚ್ಚಿಸುವುದರಲ್ಲೂ ಅಂಥ ಫಲವಿಲ್ಲ. ವಾಟ್ ಎರಡರಷ್ಟು ಮಾಡಿದರೆ ಸದ್ದು ಏರುವುದು ಮೂರು ಡೆಸಿಬೆಲ್ ಮಾತ್ರ, ಕಿವಿಗೆ ಕೊಂಚ ಹೆಚ್ಚಾಯಿತು ಅನ್ನಿಸುವಷ್ಟು. ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತರಷ್ಟು ವಾಟ್ ಬೇಕು. ಕಿವಿಯ ಆರೋಗ್ಯಕ್ಕೆ ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆಯೊಂದು ಇಟ್ಟುಕೊಂಡಿರುವ ಅಳತೆ ದಿನಕ್ಕೆ 8 ಗಂಟೆ 85 ಡೆಸಿಬೆಲ್. ಅದರ ಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಸಮಯ ಅರ್ಧಕ್ಕಿಳಿಯುತ್ತದೆ. ಇಂಜಿನ್ನೇ ಒಂದಿಷ್ಟು ಸದ್ದು ಕೊಡುತ್ತಿರುವಾಗ ಡ್ರೈವರಿಗೆ ಬೇಕಾದದ್ದು ಜೋರಲ್ಲ, ಸ್ಪಷ್ಟ. ಹಿಂದಿನ ವಾಹನದ ಹಾರ್ನೂ ಅವನಿಗೆ ಕೇಳಬೇಕು. ಬಾಗಿಲಿಗೆ ಒಳ್ಳೆಯ ಎರಡು ಸ್ಪೀಕರು, ನಾಲ್ಕು ಚಾನೆಲಿನ ಚಿಕ್ಕದೊಂದು ಆಂಪ್ಲಿಫೈಯರು. ತಳದ ದನಿ ಬೇಕೇ ಬೇಕೆಂದರೆ ಸ್ಪೀಕರು ಆಂಪ್ಲಿಫೈಯರು ಎರಡೂ ಒಂದೇ ಕಡೆ ಇರುವ, ನಾಲ್ಕೈದು ಬೆರಳು ಎತ್ತರದ ಚಪ್ಪಟೆ ಸಬ್ ವೂಫರ್ ಸಿಗುತ್ತದೆ, ಅದು ಸೀಟಿನ ಹಿಂದೆ ನಿಲ್ಲುತ್ತದೆ. ಗಣೇಶನ ಮೆರವಣಿಗೆಯ ಡಿಜೆ ಗಾಡಿಯ ಕಥೆ ಬೇರೆ. ಅಲ್ಲಿ ಹಿಂದಿನ ಬಾಡಿಯಲ್ಲಿ ಜನರೇಟರ್ ಇಟ್ಟು 230 ವೋಲ್ಟಿನ ಆಂಪ್ಲಿಫೈಯರ್ ಓಡಿಸುತ್ತಾರೆ, ಜಾಗದ ಕೊರತೆ ಅವರಿಗಿಲ್ಲ. ಅವರಿಗಿರುವುದು ಸಮಯದ ಕೊರತೆ: 2000ದ ಶಬ್ದಮಾಲಿನ್ಯ ನಿಯಮದಂತೆ ಸಾರ್ವಜನಿಕ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಆಂಪ್ಲಿಫೈಯರಿನ ಉದ್ದ, ಅಗಲ, ದಪ್ಪ ಬರೆದುಕೊಂಡು ಬನ್ನಿ. ತಂತಿ ಸಿಕ್ಕಿಸುವ ಬದಿಗೆ ಮೂರು ಬೆರಳು, ಏಣಿನ ಮುಂದೆ ಎರಡು ಬೆರಳು ಸೇರಿಸಿ. ಆ ಅಳತೆಗೆ ಹಳೆಯ ರಟ್ಟಿನ ಡಬ್ಬಿ ಕತ್ತರಿಸಿ ಅಂಟಿಸಿ, ಯೋಚಿಸಿದ ಜಾಗದಲ್ಲಿ ಟೇಪ್ ಹಚ್ಚಿ ಇಟ್ಟು, ವಾರ ಗಾಡಿ ಓಡಿಸಿ. ಮಾಲು ಹೇರಿ, ಮೂವರು ಕೂತು, ಗುಂಡಿ ಬಿದ್ದ ರಸ್ತೆಯಲ್ಲಿ. ರಟ್ಟು ಎಲ್ಲಿ ನಜ್ಜಾಗಿದೆಯೋ ಅಲ್ಲಿ ಆಂಪ್ಲಿಫೈಯರಿಗೆ ಏಟು ಬೀಳುತ್ತದೆ, ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ನೀರು ಬರುತ್ತದೆ. ಕ್ಲೀನರ್ ಅದನ್ನು ಕಿತ್ತು ಹಿಂದೆ ಎಸೆದಿದ್ದರೆ ಆ ಜಾಗ ಅವನ ಹೊದಿಕೆಯದು, ಬೇರೆ ಹುಡುಕಬೇಕು.

ಕೂರಿಸಿದ ಮೇಲೆ ಒಂದು ಗಂಟೆ ಹಾಡು ಹಾಕಿ ಓಡಿಸಿ, ಅಂಗೈ ಇಟ್ಟು ನೋಡಿ. ಕೈ ಇಟ್ಟುಕೊಂಡಿರಲು ಆದರೆ ಸರಿ, ಥಟ್ಟನೆ ತೆಗೆಯಬೇಕಾದರೆ ಗಾಳಿ ಸಾಲದು. ಸಬ್ ವೂಫರಿನ ಡಬ್ಬಿಯ ಮೇಲೆ ಮಾತ್ರ ಬಿಗಿಯಬೇಡಿ, ನಡುಕಕ್ಕೆ ಒಳಗಿನ ಬೆಸುಗೆ ಬಿಡುತ್ತದೆ. ತಿಂಗಳು ಕಳೆದ ಮೇಲೆ ಸ್ಕ್ರೂಗಳನ್ನೂ ಬ್ಯಾಟರಿ ಟರ್ಮಿನಲ್ಲನ್ನೂ ಇನ್ನೊಮ್ಮೆ ಬಿಗಿಸಿ. ಫ್ಯೂಸು ಎಷ್ಟು ಆಂಪಿಯರಿನದು, ಎಲ್ಲಿದೆ ಎಂದು ಗ್ಲೋವ್ ಬಾಕ್ಸಿನ ಮುಚ್ಚಳದ ಒಳಗೆ ಬರೆದಿಡಿ, ಅಂಥದೇ ಇನ್ನೊಂದು ಫ್ಯೂಸು ಅಲ್ಲೇ ಟೇಪ್ ಹಚ್ಚಿಡಿ. ಗೊತ್ತಿಲ್ಲದ ಊರಿನ ಎಲೆಕ್ಟ್ರಿಷಿಯನ್ನು ಫ್ಯೂಸಿನ ಬದಲು ಸಿಗರೇಟಿನ ಬೆಳ್ಳಿ ಹಾಳೆ ಸುತ್ತದಿರಲಿ. ಹಲಗೆಗೆ ಕೂರಿಸಿದ್ದರೆ ಗಾಡಿ ಮಾರುವಾಗ ನಾಲ್ಕು ಬೋಲ್ಟು ಬಿಚ್ಚಿ ಇಳಿಸಿಕೊಳ್ಳಬಹುದು. ಮುಂದಿನ ಗಾಡಿಗೆ ಹಲಗೆಯ ಅಳತೆ ಬೇರೆಯಾಗುತ್ತದೆ, ಆಂಪ್ಲಿಫೈಯರ್ ಅದೇ ನಡೆಯುತ್ತದೆ.